ಚಿನ್ನದ ಬಣ್ಣದ ಕೀಲಿಕೈ

ರಾಯಭಾರಿ ಬಲಗೈಯಲ್ಲಿ ಮೈಕು ಹಿಡಿದು, ಹೊಸ ಹೆರಿಗೆ ಆಸ್ಪತ್ರೆಯ ಮೊಳದುದ್ದದ ಚಿನ್ನದ ಬಣ್ಣದ ಕೀಲಿಕೈಯನ್ನು ಎಡಗೈಯಲ್ಲಿ ಚಾಚಿದರು. ಚಪ್ಪಾಳೆ ತಟ್ಟನೆ ನಿಂತಿತು. ಊರಿನ ಒಡೆಯ ನಾನಾ ತಮ್ಮ ಕೈಯನ್ನು ಹೊದ್ದ ಬಟ್ಟೆಯೊಳಗೆ ಎಳೆದುಕೊಂಡರು.

ನಾನಾ ಸಭೆಯಲ್ಲಿ ನೇರವಾಗಿ ಮಾತಾಡುವವರಲ್ಲ. ಅವರು ಕಿವಿಯಲ್ಲಿ ಉಸುರಿದ್ದನ್ನು ಅವರ ಮಾತುಗಾರ ಬೊವಾಟೆಂಗ್ ಕೋಲೂರಿ ನಿಂತು, ನಯಮಾಡಿ ಹೇಳಿದ: "ನಮ್ಮ ಘಾನಾಕ್ಕೆ ಇಷ್ಟು ದೊಡ್ಡ ದೇಶ ಕೊಡ್ತಿರೋ ಉಡುಗೊರೆ, ಬಲಗೈಲಿ ಬಂದ್ರೆ ಇನ್ನೂ ಹೊಳೆಯುತ್ತೆ ಅಂತಾರೆ ನಾನಾ." ಅದನ್ನು ದಾಟಿಸುವ ಧೈರ್ಯವಿಲ್ಲದೆ ದುಭಾಷಿ ಬೆವರೊರೆಸಿಕೊಂಡ. ರಾಯಭಾರಿ ಕ್ಯಾಮೆರಾಗಳತ್ತ ನಗುತ್ತಲೇ ಇದ್ದರು.

ಜನರ ಹಿಂದೆ, ಬೇವಿನ ಮರದಡಿಯ ಚಾಪೆಯಲ್ಲಿ ಹೆರಿಗೆ ನೋವಿನ ಅಬೆನಾ ಮತ್ತೆ ಚೀರಿದಳು. ಕಟ್ಟಡ ಮುಗಿದು ಎಂಟು ತಿಂಗಳು. ಉದ್ಘಾಟನೆಗೆಂದು ಬೀಗ ಹಾಕಿಯೇ ಇಟ್ಟಿದ್ದರು. ಸೂಲಗಿತ್ತಿ ಅಡ್ವೋವಾ ಜನರನ್ನು ಸರಿಸಿಕೊಂಡು ವೇದಿಕೆ ಹತ್ತಿದಳು.

"ಮುಟ್ಬೇಡ ಅಡ್ವೋವಾ, ಊರಿಗೇ ಅವಮಾನ!" ಬೊವಾಟೆಂಗ್ ಗದರಿದ.

"ಸುಮ್ನಿರಯ್ಯಾ. ಕೂಸು ಬರುವಾಗ ಯಾವ ಕೈ ಅಂತ ಕೇಳುತ್ತಾ? ತಪ್ಪಾಯ್ತು ನಾನಾ!"

ಅವಳು ಎರಡೂ ಕೈಯಿಂದ ಕೀಲಿಕೈ ಕಿತ್ತುಕೊಂಡು ಆಸ್ಪತ್ರೆಯ ಬಾಗಿಲಿಗೆ ಓಡಿದಳು. ಅದು ಎಷ್ಟು ಹಗುರವೆಂದು ಹೊಳೆದದ್ದು ಬೀಗದ ಮುಂದೆ ನಿಂತಾಗಲೇ. ಹಿಡಿದಲ್ಲಿ ಬಣ್ಣ ಉದುರಿ, ಬೆರಳ ಸಂದಿಯಲ್ಲಿ ಬಿಳಿ ಥರ್ಮೊಕೋಲ್ ಇಣುಕುತ್ತಿತ್ತು.