ಕ್ಲಬ್ಬಿನಲ್ಲಿ ಸುಗ್ಗಿಯ ಕೂಗು

“ಹೋಯ್, ಚೋ ಹೋ ಚೋ” ಎಂದು ಸುಕ್ರ ಕೂಗಿಬಿಟ್ಟ. ಕುಮಟೆಯ ಪುಟ್ಟ ಕ್ಲಬ್ಬಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಸುಗ್ಗಿ ಕುಣಿತದಲ್ಲಿ ಗುಮಟೆಯ ಪೆಟ್ಟು ಏರಿದಾಗ ಗಂಡಸರು ಹಾಕುವ ಕೂಗು ಅದು. ಇಲ್ಲಿ ನಡೆಯುತ್ತಿದ್ದುದು, ಮುಂಬಯಿಯಿಂದ ಊರಿಗೆ ಬಂದ ವಾದ್ಯಗಾರ ಇನಾಸ ತಾನೇ ಕಟ್ಟಿದ ಜಾಝ್ ಸಂಗೀತ.

ಹೊನ್ನಿ ಗಂಡ ಸುಕ್ರನ ಅಂಗಿ ಜಗ್ಗಿದಳು. “ಬೀರನ ಅಪ್ಪಾ, ಇದೆಂತ ನಮ್ಮನೆ ಅಂಗಳವಾ? ಮರ್ಯಾದೆಯಿಂದ ಕರ್ದು ಕೂರ್ಸಿದಾರೆ.”

“ಬಾಯಿ ತನ್ನಷ್ಟಕ್ಕೇ ತೆರೀತು ಮಾರಾಯ್ತಿ. ಡ್ರಮ್ಮಿನ ಪೆಟ್ಟು ನಮ್ ಗುಮಟೆ ಹಾಂಗೇ ಇತ್ತು.”

ಅವಳ ಕಾಲೂ ಅಷ್ಟು ಹೊತ್ತು ಖುಷಿಯಿಂದ ತಾಳ ಹಾಕುತ್ತಿತ್ತು. ಈಗ ನಿಂತಿತು. ‘ಎದ್ದು ಹೊರಗೆ ಹೋಗಿ’ ಎಂದು ಯಾರಾದರೂ ಅಂದುಬಿಟ್ಟರೆ?

ಇನಾಸ ಸ್ಯಾಕ್ಸೊಫೋನನ್ನು ಬಾಯಿಂದ ತೆಗೆದು ಅವರತ್ತ ನೋಡಿದ. ಮತ್ತೆ ತುಟಿಗಿಟ್ಟು ಸುಕ್ರನ ಕೂಗನ್ನೇ ಊದಿದ, ಕೊನೆಯ ‘ಚೋ’ ಒಂದನ್ನು ಬಿಟ್ಟು. ಡ್ರಮ್ಮಿನವನೂ ಕೈ ಎತ್ತಿ ಹಿಡಿದು ಕಾದ.

“ಎಂತ ಸುಮ್ನೆ ಕೂತದ್ದು? ಅದನ್ನ ಉಳಿಸಿಟ್ಟದ್ದು ನಿಮ್ಗೇ” ಎಂದು ಹೊನ್ನಿ ತಿವಿದಳು.

“ನನ್ ಕೈಲಾಗ. ನಾಚಿಕೆ.”

ಇನಾಸ ಇನ್ನೂ ಕಾಯುತ್ತಿದ್ದ. ಹೊನ್ನಿ ಸೆರಗು ಸರಿಮಾಡಿಕೊಂಡು, ಎದ್ದು ನಿಂತು, ಅಲ್ಲಿಯವರೆಗೆ ಯಾವ ಸುಗ್ಗಿಯಲ್ಲೂ ಕೂಗದವಳು ಕೂಗಿದಳು: “ಚೋ.”