ನೀಲಿ ಕೆಲಸ

ವೆಂಡೆಲ್ ಮತ್ತೊಮ್ಮೆ ಗುಂಡಿ ಒತ್ತಿದ. ಅವನೂ ಹೆಂಡತಿ ಅರ್ಲೀನಳೂ ವಾಸಿಸುವ ಬಸ್ಸಿನಂಥ ಮನೆಗಾಡಿಯ ಪಕ್ಕೆಯಿಂದ ಮೇಜಿನ ಖಾನೆಯಂತೆ ಹೊರಕ್ಕೆ ಚಾಚಿಕೊಂಡಿದ್ದ ಪಡಸಾಲೆ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಬಾಗಿಲ ಬಳಿಯ ಪ್ಯಾನೆಲ್‌ನಲ್ಲಿ ಒಂದು ದೀಪವೂ ಇಲ್ಲ. ಫ್ಯೂಸ್ ಬದಲಿಸಿದ್ದಾಯಿತು, ಬ್ಯಾಟರಿ ನೋಡಿದ್ದಾಯಿತು, ಪ್ಯಾನೆಲ್‌ಗೆ ಅಂಗೈಯಿಂದ ನಾಲ್ಕು ಬಾರಿಸಿದ್ದೂ ಆಯಿತು. ಆ ಪಡಸಾಲೆ ಒಳಗೆ ಸರಿಯದೆ ಗಾಡಿ ರಸ್ತೆಗಿಳಿಯುವಂತಿಲ್ಲ. ಅರಿಝೋನಾದಲ್ಲಿ ಚಳಿಗಾಲ ಕಳೆದವರೆಲ್ಲ ಒಬ್ಬೊಬ್ಬರಾಗಿ ಉತ್ತರಕ್ಕೆ ಹೊರಟಿದ್ದರು. ಏಪ್ರಿಲ್ ಬಿಸಿಲಿಗೆ ಗಾಡಿಯ ತಗಡು ಆಗಲೇ ಕಾದಿತ್ತು.

"ಕೈಯಲ್ಲೇ ತಿರುಗಿಸಿ ಒಳಗೆ ತರ್ಬೇಕು," ಎಂದು ವೆಂಡೆಲ್ ಗಾಡಿಯ ಕೆಳಗಿನ ಪೆಟ್ಟಿಗೆಯಿಂದ ಕಬ್ಬಿಣದ ಹ್ಯಾಂಡಲ್ ಎಳೆದ.

"ಮುಟ್ಟಬೇಡ ಅದನ್ನ!" ಅರ್ಲೀನ್ ಕಿರುಚಿದಳು. "ಜನವರಿಯಲ್ಲಿ ಎದೆಗೆ ಸ್ಟೆಂಟ್ ಹಾಕಿಸ್ಕೊಂಡಿದ್ದು ನೀನಾ, ನಿಮ್ಮಜ್ಜನಾ?"

"ಇದು ನೀಲಿ ಕೆಲಸ ಕಣೆ. ನೀನು ಸುಮ್ನಿರು."

ಮನೆಗಾಡಿಯವರಲ್ಲಿ ಕೆಲಸಕ್ಕೂ ಬಣ್ಣವಿದೆ. ಸ್ಟೇರಿಂಗ್, ಚಕ್ರ, ಕೊಳವೆ, ಗುಂಡಿ ಗಂಡಸಿನವು, ನೀಲಿ. ಒಳಗಿನ ಪಾತ್ರೆ, ಕಪಾಟು, ಕಸಬರಿಗೆ ಹೆಂಗಸಿನವು, ಗುಲಾಬಿ. ವೆಂಡೆಲ್ ಆ ಗೆರೆಯನ್ನು ಎಂದೂ ದಾಟಿದವನಲ್ಲ. ಆದರೆ ಇವತ್ತಿನ ಹಠಕ್ಕೆ ಬೇರೆ ಕಾರಣವಿತ್ತು. ಆಸ್ಪತ್ರೆಯ ಮಂಚದ ಮೇಲೆ ಅವನು ಮಗಳು ಟ್ರೀನಾಳಿಗೆ ಮಾತು ಕೊಟ್ಟಿದ್ದ: ಪಡಸಾಲೆ ಮುಚ್ಚಿ ಗಾಡಿ ಹೊರಡಿಸಲು ಯಾವತ್ತು ಇನ್ನೊಬ್ಬರ ಕೈ ಬೇಕಾಗುತ್ತದೋ ಅವತ್ತೇ ಗಾಡಿ ಮಾರಿ, ಒಮಾಹಾದಲ್ಲಿ ಅವಳ ಮನೆ ಹತ್ತಿರದ ಫ್ಲ್ಯಾಟಿಗೆ ಬಂದುಬಿಡುತ್ತೇನೆ ಎಂದು. ಟ್ರೀನಾ ಆ ಫ್ಲ್ಯಾಟಿನ ಕಿಟಕಿಗಳಿಗೆ ಪರದೆಯನ್ನೂ ಆರಿಸಿಟ್ಟಿದ್ದಳು. ಆ ಪರದೆ ನೆನೆದರೇ ಅರ್ಲೀನಳಿಗೆ ಉಸಿರು ಕಟ್ಟುತ್ತಿತ್ತು.

ಅಷ್ಟರಲ್ಲಿ ಪಕ್ಕದ ಗಾಡಿಯ ಗೇಲನ್ ಮಡಚುವ ಕುರ್ಚಿ, ಬಿಯರ್ ಡಬ್ಬಿ ಹಿಡಿದುಕೊಂಡು ಬಂದು ಎದುರಿಗೇ ಕೂತ. ಮನೆಗಾಡಿಗಳು ತಂಗುವ ಈ ಪಾರ್ಕಿನಲ್ಲಿ ಒಬ್ಬರ ಗಾಡಿ ಕೆಟ್ಟರೆ ಉಳಿದವರಿಗೆಲ್ಲ ಪುಕ್ಕಟೆ ನಾಟಕ.

"ಡ್ರಿಲ್ ತರ್ಲಾ ವೆಂಡೆಲ್? ಹ್ಯಾಂಡಲ್ ಬದಲು ಅದನ್ನ ಸಿಕ್ಕಿಸಿದ್ರೆ ಗರ್ ಅಂತ ಒಳಗೆ ಹೋಗತ್ತೆ."

"ನಿನ್ನ ಡ್ರಿಲ್ ನಿನ್ನ ಹತ್ರಾನೇ ಇರ್ಲಿ."

"ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ," ಎಂದು ಗೊಣಗಿ ಅರ್ಲೀನ್ ಗಂಡನ ಕೈಯಿಂದ ಹ್ಯಾಂಡಲ್ ಕಿತ್ತುಕೊಂಡಳು. ಅವಳಿಗೆ ತಲೆ ಚಿಟ್ಟು ಹಿಡಿದಿತ್ತು. "ಒಳಗೆ ಹೋಗಿ ನಿಂತ್ಕೋ. ಏನಾದ್ರೂ ಅಡ್ಡ ಬಂದ್ರೆ ಕೂಗು. ಇಷ್ಟು ವರ್ಷ ನಾನು ಮಾಡಿದ್ದು ಅಷ್ಟೇ ಅಲ್ವಾ? ನೀನೇ ಹೇಳ್ತಿದ್ದೆ, ಅದೇನು ಮಹಾ ಕೆಲಸ ಅಂತ!"

ವೆಂಡೆಲ್ ಗೇಲನ್‌ನನ್ನು ಒಮ್ಮೆ ನೋಡಿ ಒಳಗೆ ಹೋದ. ಹೋದವನು ಸುಮ್ಮನಿರುತ್ತಾನೆಯೇ? ಕಿಟಕಿಯಿಂದ ಶುರುವಾಯಿತು. "ಮೊದಲು ಮೋಟಾರಿನ ಹಿಂದಿರೋ ಚಿಕ್ಕ ಹಿಡಿ ತಿರುಗಿಸು, ಬ್ರೇಕ್ ಬಿಡ್ಬೇಕು! ಆ ಕಡೆಗಲ್ಲ, ಈ ಕಡೆಗೆ! ಅಯ್ಯೋ, ನಿಧಾನ ಮಾರಾಯ್ತಿ!" ಅರ್ಲೀನ್ ಗಾಡಿಯಡಿಯ ಧೂಳಿನಲ್ಲಿ ಮಂಡಿಯೂರಿ, ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿದಳು. ಎಷ್ಟು ಸುತ್ತಿದರೂ ಒಂದು ಬೆರಳಿನಷ್ಟೇ ಸರಿಯುತ್ತಿತ್ತು. ಅಂಗೈ ಬೊಬ್ಬೆಯೆದ್ದಿತು. ಗಂಡನನ್ನೂ, ಪ್ಯಾನೆಲ್ ಮಾಡಿದವನನ್ನೂ, ಎದುರಿಗೆ ಬಿಯರ್ ಹೀರುತ್ತಿದ್ದವನನ್ನೂ ಮನಸಾರೆ ಬೈದುಕೊಂಡಳು.

"ನಿಲ್ಸು! ನಿಲ್ಸು!" ಒಳಗಿನಿಂದ ವೆಂಡೆಲ್ ಗಂಟಲು ಹರಿಯುವಂತೆ ಕೂಗಿದ. "ನನ್ನ ಆರಾಮ್‌ಕುರ್ಚಿ! ಕಾಲು ಚಾಚೋ ಹಲಗೆ ಹಾಗೇ ಇದೆ! ಇನ್ನೊಂದು ಸುತ್ತು ಸುತ್ತಿದ್ರೆ ಪುಡಿಯಾಗ್ತಿತ್ತು! ಇದನ್ನ ಯಾರು ಮಡಚ್ದೆ ಬಿಟ್ಟಿದ್ದು?"

"ಅದರಲ್ಲಿ ಕೂರೋರು ಯಾರು?"

ಒಳಗೆ ಕುರ್ಚಿ ಕಿರುಗುಟ್ಟಿತು.

"ಪ್ರತಿ ಸಲಾನೂ ನೀನು ಹಾಗೇ ಬಿಟ್ಟು ಎದ್ದು ಹೋಗ್ತೀಯ, ಪ್ರತಿ ಸಲಾನೂ ನಾನು ಮಡಚ್ತೀನಿ," ಎಂದಳು ಅರ್ಲೀನ್ ಗಾಡಿಯಡಿಯಿಂದ. "ಗುಲಾಬಿ ಕೆಲಸ."

ಹಲಗೆ ಟಕ್ಕೆಂದು ಮಡಚಿಕೊಂಡ ಸದ್ದು ಕೇಳಿಸಿತು. ಆಮೇಲೆ ಅವನು ಸಲಹೆ ಕೊಡಲಿಲ್ಲ. "ಬರ್ಲಿ... ಬರ್ಲಿ... ದೀಪದ ಸ್ಟ್ಯಾಂಡ್ ಸರಿಸ್ದೆ, ಈಗ ಬರ್ಲಿ," ಎಂದಷ್ಟೇ ಹೇಳುತ್ತಾ ಹೋದ. ಪಡಸಾಲೆ ಗೋಡೆಗೆ ಸೇರಿ ಕೂತಾಗ, ಬ್ರೇಕಿನ ಹಿಡಿ ಹಿಂದಕ್ಕೆ ತಿರುಗಿಸಲು ಅವಳಿಗೆ ನೆನಪಿಸಿದವನೂ ಅವನೇ. ಮೈತುಂಬ ಧೂಳಾಗಿ ಅವಳು ಒಳಗೆ ಬಂದರೆ ಅವನೂ ಬೆವೆತು ಹೋಗಿದ್ದ.

ವೆಂಡೆಲ್‌ನ ಫೋನು ಬಡಿದುಕೊಂಡಿತು, ಅವನು ಸ್ಪೀಕರ್ ಒತ್ತಿದ. ಟ್ರೀನಾ.

"ಅಪ್ಪಾ, ಪ್ಯಾನೆಲ್ ಕೆಟ್ಟಿದೆಯಂತೆ, ಅಮ್ಮ ಮೆಸೇಜ್ ಮಾಡಿದ್ಲು. ನಿಜ ಹೇಳು, ನೀನೇ ಮುಚ್ಚಿದ್ಯಾ? ಇಲ್ಲ ಬೇರೆಯವರ ಕೈಲಿ ಮಾಡಿಸಿದ್ಯಾ?"

ಅರ್ಲೀನ್ ಗಂಡನ ಎದುರಿಗೆ ಬಂದು ನಿಂತಳು. ಸುಳ್ಳು ಹೇಳು ಎಂದು ಕಣ್ಣಲ್ಲೇ ಬೇಡಿಕೊಂಡಳು. ವೆಂಡೆಲ್ ಅವಳ ಅಂಗೈಯ ಬೊಬ್ಬೆಗಳನ್ನು ನೋಡುತ್ತಾ ನಿಂತಿದ್ದ.

"ನಾನು ಮುಚ್ಚಲಿಲ್ಲ ಮಗಳೇ," ಎಂದ. "ಬೇರೆಯವರೂ ಮುಚ್ಚಲಿಲ್ಲ. ನಮ್ಮ ಡ್ರೈವರ್ ಮುಚ್ಚಿದ್ಲು."

"ಡ್ರೈವರಾ? ಯಾವ ಡ್ರೈವರಪ್ಪಾ?"

ಅವನು ಫೋನಿಟ್ಟು, ಜೇಬಿನಿಂದ ಕೀಲಿಕೈ ತೆಗೆದು ಹೆಂಡತಿಯ ಮುಂದೆ ಹಿಡಿದ. ಹಿಂದೆ ಅವನು ಜ್ವರ ಬಂದು ಮಲಗಿದ್ದಾಗ ಅವಳು ಈ ಗಾಡಿಯನ್ನು ನೇರ ಹೆದ್ದಾರಿಯಲ್ಲಿ ಓಡಿಸಿದ್ದುಂಟು. ಅವನು ಎಚ್ಚರವಾಗಿ ಪಕ್ಕದಲ್ಲಿ ಕೂತಿರುವಾಗ ಓಡಿಸಿರಲಿಲ್ಲ.

ಗೇಲನ್ ಕುರ್ಚಿಯಿಂದೆದ್ದು ಬಿಯರ್ ಡಬ್ಬಿ ಎತ್ತಿ ಹಿಡಿದ. ಅರ್ಲೀನ್ ಪಾರ್ಕಿನ ಗೇಟಿನಲ್ಲಿ ಗಾಡಿಯನ್ನು ಹೆದ್ದಾರಿಯ ಕಡೆ ತಿರುಗಿಸುತ್ತಿದ್ದಂತೆ ಪಕ್ಕದ ಸೀಟಿನಲ್ಲಿ ವೆಂಡೆಲ್‌ನ ಬಲಗಾಲು ಬರೀ ನೆಲವನ್ನು ಬಲವಾಗಿ ಒತ್ತಿತು.

"ಅಲ್ಲಿ ಬ್ರೇಕ್ ಇಲ್ಲ ಕಣೋ."

"ಗೊತ್ತು," ಎಂದ ವೆಂಡೆಲ್, ಕಾಲು ತೆಗೆಯದೆ.