ಸ್ಕ್ಯಾನಿಂಗ್ ಕೋಣೆಯ ಫಲಕ

‘ಮಕ್ಕಳ ಹೊಟ್ಟೆಯಲ್ಲಿ ಕಂಡ ಗುಟ್ಟನ್ನು ಹೆತ್ತವರಿಗೆ ತಿಳಿಸುವುದು ಶಿಕ್ಷಾರ್ಹ ಅಪರಾಧ’ ಎಂಬ ಫಲಕದ ಕೆಳಗೆ ಪುಟ್ಟ ಲಹರಿ ಅಂಗಿ ಎತ್ತಿಕೊಂಡು ಮಲಗಿದ್ದಳು. ಡಾಕ್ಟರು ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಅಪೆಂಡಿಕ್ಸ್ ಸರಿಯಾಗಿತ್ತು. ಅದರ ಪಕ್ಕದಲ್ಲಿ, ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅವಳ ಅಪ್ಪ ಅಳುತ್ತಿರುವುದು ಸ್ಪಷ್ಟವಾಗಿ ಕಂಡಿತು.

“ಗಾಬರಿ ಬೇಡಮ್ಮ, ಬರೀ ಗುಟ್ಟು,” ಎಂದರು ಡಾಕ್ಟರು.

“ಯಾರ್ದು ಡಾಕ್ಟ್ರೇ? ಸುಳಿವಾದ್ರೂ ಕೊಡಿ,” ಎಂದು ತಾಯಿ ವನಮಾಲಾ ಬೇಡಿದಳು.

ಡಾಕ್ಟರು ಫಲಕ ತೋರಿಸಿದರು.

ಲಹರಿ ಅವರ ಕೈ ಹಿಡಿದಳು. “ಹೇಳಲ್ಲ ಅಂತ ಆಣೆ ಮಾಡಿರೋದು ನಾನು. ನೀವು ಮಾಡಿಲ್ವಲ್ಲ, ಹೇಳ್ಬಿಡಿ ಅಂಕಲ್.”

ಡಾಕ್ಟರು ಜೆಲ್ ಒರೆಸಿ, ಒಂದು ಸಿರಪ್ ಬರೆದರು. “ಇದನ್ನ ದಿನಾ ಇವರಪ್ಪನೇ ಪಕ್ಕದಲ್ಲಿ ಕೂತು ಕುಡಿಸಲಿ.”

ವನಮಾಲಾ ನಕ್ಕಳು. “ಅವರೆಲ್ಲಿ ಸಿಗ್ತಾರೆ ಡಾಕ್ಟ್ರೇ? ಮನೆಗೆ ಬಂದ್ರೆ ಗಂಟೆಗಟ್ಟಲೆ ಸ್ನಾನ!”